ಕೇಳದೆ ನಿಲ್ಲಿಸಿದರೆ ತಪ್ಪು, ಫೋನ್ ಮಾಡಿ ಕೇಳಿದರೂ ತಪ್ಪು: ಶಿಫ್ಟ್ ಸೂಪರ್‌ವೈಸರ್ ಏನು ಮಾಡಬೇಕು?

ಪ್ರಶ್ನೆ: ಎರಡನೇ ಶಿಫ್ಟಿನವಳು

ಎಲ್ಲರಿಗೂ ನಮಸ್ಕಾರ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್ ಆಗಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಇಲ್ಲಿಗೇ ಟ್ರೈನಿಯಾಗಿ ಸೇರಿದವಳು, ಕೆಲವು ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದು ಈಗ ಉತ್ಪಾದನೆಗೆ ಬಂದಿದ್ದೇನೆ. ದ್ವಿಚಕ್ರ ವಾಹನಗಳ ಗೇರ್‌ಬಾಕ್ಸಿಗೆ ಹೋಗುವ ಶಾಫ್ಟ್‌ಗಳನ್ನು ಸಿಎನ್‌ಸಿ ಲೇತ್‌ಗಳಲ್ಲಿ ಟರ್ನಿಂಗ್ ಮಾಡುವುದು ನಮ್ಮ ಲೈನಿನ ಕೆಲಸ.

ಈ ಸಲದ ಅಪ್ರೈಸಲ್ ಫಾರಂನಲ್ಲಿ ನನ್ನ ಬಗ್ಗೆ ‘ಇನಿಶಿಯೇಟಿವ್ ಸಾಲದು, ನಾಯಕತ್ವ ಗುಣ ಸುಧಾರಿಸಬೇಕು’ ಎಂದು ಬರೆದಿದ್ದಾರೆ. ಹಾಗೆ ಬರೆಯಲು ಕಾರಣವಾಗಿರಬಹುದಾದ ಎರಡು ಸಂದರ್ಭಗಳನ್ನು ಹೇಳುತ್ತೇನೆ. ಒಂದು ರಾತ್ರಿ ಒಂದು ಲೇತಿನ ಕೂಲಂಟ್ ಪಂಪು ಕೆಟ್ಟಿತು. ಆ ಕೆಲಸವನ್ನು ಪಕ್ಕದ ಯಂತ್ರಕ್ಕೆ ಹಾಕಿಸಬಹುದೇ ಎಂದು ಕೇಳಲು ವ್ಯವಸ್ಥಾಪಕರಿಗೆ ಫೋನ್ ಮಾಡಿದೆ. “ಇಷ್ಟಕ್ಕೆಲ್ಲ ನನ್ನನ್ನು ಕೇಳಬೇಕೇನಮ್ಮ? ಸ್ವಲ್ಪ ತಲೆ ಓಡಿಸಿ” ಎಂದರು. ಕೆಲವು ವಾರಗಳ ಬಳಿಕ ಇನ್ನೊಂದು ಯಂತ್ರದಲ್ಲಿ ಬೇರಿಂಗ್ ಕೂರುವ ಭಾಗದ ವ್ಯಾಸ ಮೇಲಿನ ಮಿತಿಯ ಕಡೆಗೆ ಜರುಗತೊಡಗಿತು. ಲೋಹ ಕತ್ತರಿಸುವ ಬಿಲ್ಲೆ, ಅಂದರೆ ಇನ್ಸರ್ಟ್ ಬದಲಾಯಿಸಿದರೂ ನಿಲ್ಲಲಿಲ್ಲ. ಒಂದು ಶಾಫ್ಟ್ ಸರಿಯಾಗಿದ್ದರೆ ಮುಂದಿನದು ಹೆಚ್ಚು, ಅದರ ಮುಂದಿನದು ಮತ್ತೆ ಸರಿ. ಚಕ್‌ನ ಜಾ, ಅಂದರೆ ಶಾಫ್ಟನ್ನು ಹಿಡಿದಿಡುವ ಹಿಡಿಕೆ ಸವೆದಿರಬಹುದೆಂದು ಅನ್ನಿಸಿದ್ದರಿಂದ ಯಂತ್ರ ನಿಲ್ಲಿಸಿ, ಅದುವರೆಗೆ ಬಂದಿದ್ದ ಮಾಲಿಗೆ ಪರಿಶೀಲನೆಯಾಗುವವರೆಗೆ ಕಳಿಸಬಾರದೆಂಬ ಹೋಲ್ಡ್ ಟ್ಯಾಗ್ ಹಾಕಿ, ಮೊದಲ ಶಿಫ್ಟಿನವರಿಗೆ ಲಾಗ್ ಪುಸ್ತಕದಲ್ಲಿ ಬರೆದಿಟ್ಟು ಮನೆಗೆ ಹೋದೆ. ಮರುದಿನ ಡಿಸ್ಪ್ಯಾಚ್ ಕಡಿಮೆಯಾಯಿತು. “ನಿಲ್ಲಿಸಿ ಎಂದು ನಿಮಗೆ ಹೇಳಿದವರು ಯಾರು? ಒಂದು ಫೋನ್ ಮಾಡಲು ಆಗಲಿಲ್ಲವೇ?” ಎಂದು ಎಲ್ಲರ ಎದುರಿಗೇ ಕೇಳಿದರು.

ತನ್ನ ಕೆಲಸವನ್ನು ತಾನೇ ನಡೆಸಿಕೊಂಡು ಹೋಗಬೇಕು ಎಂದು ಹೇಳುವವರೇ ಹೀಗೆ ಕೇಳಿದರೆ ನನ್ನಂಥವರು ಯಾವ ಅಳತೆಗೋಲು ಹಿಡಿದು ನಡೆಯಬೇಕು? ನಾಯಕತ್ವ ಹುಟ್ಟಿನಿಂದ ಬರಬೇಕು ಎಂಬ ಉತ್ತರ ಬಿಟ್ಟು ಬೇರೇನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಉತ್ಪಾದನಾ ವ್ಯವಸ್ಥಾಪಕ

ನೀವು ಹೇಳಿದ ಎರಡೂ ಪ್ರಸಂಗಗಳಲ್ಲಿ ಕೊರತೆಯಿರುವುದು ನಿಮ್ಮ ಗುಣದಲ್ಲಲ್ಲ. ಯಾವ ನಿರ್ಧಾರ ಸೂಪರ್‌ವೈಸರ್‌ನದು, ಯಾವುದು ವ್ಯವಸ್ಥಾಪಕರದು ಎಂಬ ಗೆರೆಯನ್ನು ನಿಮ್ಮಲ್ಲಿ ಯಾರೂ ಎಳೆದಿಲ್ಲ. ಗೆರೆ ಇಲ್ಲದ ಕಡೆ ಫಲ ಚೆನ್ನಾಗಿ ಬಂದರೆ ಅದಕ್ಕೆ ಇನಿಶಿಯೇಟಿವ್ ಎನ್ನುತ್ತಾರೆ, ಕೆಟ್ಟರೆ ಅಧಿಕಪ್ರಸಂಗ ಎನ್ನುತ್ತಾರೆ. ಹೆಸರಿಡುವುದು ಯಾವಾಗಲೂ ಮರುದಿನ ಬೆಳಿಗ್ಗೆಯ ಮೀಟಿಂಗಿನಲ್ಲಿ.

ಯಂತ್ರ ನಿಲ್ಲಿಸುವ ವಿಷಯದಲ್ಲಂತೂ ಆ ಗೆರೆ ನಿಮ್ಮ ಕಾರ್ಖಾನೆಯ ಕಡತಗಳಲ್ಲೇ ಎಲ್ಲೋ ಮಲಗಿರುವ ಸಾಧ್ಯತೆ ಹೆಚ್ಚು. ವಾಹನ ಕಂಪನಿಗಳಿಗೆ ಬಿಡಿಭಾಗ ಪೂರೈಸುವವರಿಂದ ಸಾಮಾನ್ಯವಾಗಿ ಕೇಳುವ ಐಎಟಿಎಫ್ 16949 ಮಾನದಂಡದ 2016ರ ಆವೃತ್ತಿಯಲ್ಲಿ 5.3.2 ಎಂಬ ಒಂದು ಅಂಶವಿದೆ. ಉತ್ಪನ್ನ ಸರಿಯಾಗಿರಬೇಕೆಂಬ ಹೊಣೆ ಹೊತ್ತವರಿಗೆ, ಗುಣಮಟ್ಟದ ದೋಷವನ್ನು ಸರಿಪಡಿಸುವ ಸಲುವಾಗಿ ಉತ್ಪಾದನೆಯನ್ನೂ ಸಾಗಣೆಯನ್ನೂ ನಿಲ್ಲಿಸುವ ಅಧಿಕಾರ ಇರುವಂತೆ ಸಂಸ್ಥೆಯ ಉನ್ನತ ಆಡಳಿತ ನೋಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಎಲ್ಲ ಶಿಫ್ಟುಗಳಲ್ಲೂ ಅಂಥ ಹೊಣೆ ಹೊತ್ತವರು ಹಾಜರಿರಬೇಕೆಂದೂ ಅಲ್ಲಿಯೇ ಇದೆ. ನಿಮ್ಮ ಸಂಸ್ಥೆಗೆ ಆ ಪ್ರಮಾಣಪತ್ರ ಇದ್ದರೆ ‘ನಿಲ್ಲಿಸಿ ಎಂದು ಹೇಳಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕ್ವಾಲಿಟಿ ಮ್ಯಾನ್ಯುಯಲ್‌ನಲ್ಲಿಯೇ ಇರಬೇಕು. ಹಾಗೆಂದು ಅದನ್ನು ವ್ಯವಸ್ಥಾಪಕರ ಮುಖಕ್ಕೆ ಹಿಡಿಯಬೇಡಿ. ವಾದದಲ್ಲಿ ಗೆದ್ದು ಉಳಿದ ವರ್ಷವೆಲ್ಲ ಕಳೆದುಕೊಳ್ಳುವ ದಾರಿ ಅದು.

ನೀವು ತೆಗೆದು ನೋಡಬೇಕಾದ ಇನ್ನೊಂದು ಕಾಗದ, ಯಾವ ಅಳತೆಯನ್ನು ಹೇಗೆ ಪರೀಕ್ಷಿಸಬೇಕೆಂದು ಬರೆದಿರುವ ಕಂಟ್ರೋಲ್ ಪ್ಲಾನ್. ಅದರಲ್ಲಿ ರಿಯಾಕ್ಷನ್ ಪ್ಲಾನ್ ಎಂಬ ಕಾಲಂ ಇರುತ್ತದೆ. ಅಳತೆ ಹಳಿ ತಪ್ಪಿದಾಗ ಏನು ಮಾಡಬೇಕು ಎಂಬುದನ್ನು ಬರೆಯಲು ಇರುವ ಜಾಗ ಅದು. ನಾನು ಕಂಡ ಬಹುಪಾಲು ಕಾರ್ಖಾನೆಗಳಲ್ಲಿ ಅಲ್ಲಿ ‘ಸೂಪರ್‌ವೈಸರ್‌ಗೆ ತಿಳಿಸಿ’ ಎಂಬ ಒಂದೇ ಸಾಲು ಮೇಲಿನಿಂದ ಕೆಳಗಿನವರೆಗೆ ಇರುತ್ತದೆ. ತಿಳಿಸಿದ ಮೇಲೆ ಸೂಪರ್‌ವೈಸರ್ ಏನು ಮಾಡಬೇಕೆಂಬುದು ಎಲ್ಲಿಯೂ ಇರುವುದಿಲ್ಲ. ನಿಮ್ಮ ಲೈನಿನ ಮಟ್ಟಿಗೆ ಆ ಕಾಲಮನ್ನು ತುಂಬಿಸಿಕೊಡುವ ಕೆಲಸವನ್ನು ನೀವೇ ಕೈಗೆತ್ತಿಕೊಳ್ಳಿ: ಇಷ್ಟು ಅಳತೆಗಳು ಸಾಲಾಗಿ ಮಿತಿಯ ಕಡೆಗೆ ಜರುಗಿದರೆ ಇನ್ಸರ್ಟ್ ಬದಲಾವಣೆ, ಅದಕ್ಕೂ ನಿಲ್ಲದಿದ್ದರೆ ಯಂತ್ರ ಸ್ಥಗಿತ, ಕೊನೆಯದಾಗಿ ಸರಿ ಬಂದ ಶಾಫ್ಟಿನ ನಂತರದ ಮಾಲೆಲ್ಲ ಹೋಲ್ಡ್, ತಕ್ಷಣ ಯಾರು ಯಾರಿಗೆ ಫೋನ್. ಕ್ವಾಲಿಟಿಯವರಿಂದಲೂ ವ್ಯವಸ್ಥಾಪಕರಿಂದಲೂ ಸಹಿ ಹಾಕಿಸಿಕೊಳ್ಳಿ. ಫಾರಂನಲ್ಲಿ ಬರೆದ ಇನಿಶಿಯೇಟಿವ್ ಎಂಬುದಕ್ಕೆ ಅರ್ಥವೇನಾದರೂ ಇದ್ದರೆ ಅದು ಇದೇ.

ಫೋನ್ ವಿಷಯದಲ್ಲಿ ಮಾತ್ರ ನಿಮ್ಮ ವ್ಯವಸ್ಥಾಪಕರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನನಗೆ ತೋರುತ್ತದೆ. ಅನುಮತಿ ಕೇಳುವುದು ಬೇರೆ, ಸುದ್ದಿ ಮುಟ್ಟಿಸುವುದು ಬೇರೆ. ನಿಲ್ಲಿಸಲು ಅವರ ಅನುಮತಿ ಬೇಕಿರಲಿಲ್ಲ. ಆದರೆ ನಿಲ್ಲಿಸಿದ ಸುದ್ದಿ ಅವರಿಗೆ ಆ ರಾತ್ರಿಯೇ ಸಿಕ್ಕಿದ್ದರೆ ಗ್ರಾಹಕರ ಜೊತೆ ಮಾತನಾಡಲು, ಲಾರಿಯ ಸಮಯ ಬದಲಿಸಲು, ಬೇರೆ ಸ್ಟಾಕ್ ಹುಡುಕಲು ಅವರಿಗೆ ಎಡೆಯಿರುತ್ತಿತ್ತು. “ಸರ್, ಯಂತ್ರ ನಿಲ್ಲಿಸಿದ್ದೇನೆ, ಇಂಥ ಕಾರಣ, ಇಷ್ಟು ಮಾಲು ಹೋಲ್ಡ್‌ನಲ್ಲಿದೆ, ಮೇಂಟೆನೆನ್ಸ್‌ನವರು ಇಷ್ಟು ಹೊತ್ತಿಗೆ ಬರುತ್ತಾರೆ” ಎಂಬಷ್ಟು ಹೇಳಿದರೆ ಸಾಕು. ಅವರ ನಿದ್ದೆಗೆ ಆಗುವ ಭಂಗ ಬೆಳಿಗ್ಗೆ ಲಾರಿ ಅರ್ಧ ಖಾಲಿ ನಿಂತಾಗ ಆಗುವ ಭಂಗಕ್ಕಿಂತ ಕಡಿಮೆ.

ಟೊಯೋಟಾದವರು ಇದನ್ನು ಹೇಗೆ ಬಗೆಹರಿಸಿಕೊಂಡರು ಎಂಬುದನ್ನೂ ಇಲ್ಲಿ ಹೇಳಬೇಕು. ಆ ಮನೆತನದ ಮೂಲಪುರುಷ ಸಕಿಚಿ ಟೊಯೋಡಾ ಮಗ್ಗ ತಯಾರಿಸುತ್ತಿದ್ದವರು. 1924ರಲ್ಲಿ ಪೂರ್ಣಗೊಂಡ ಅವರ ಜಿ ಮಾದರಿಯ ಸ್ವಯಂಚಾಲಿತ ಮಗ್ಗ, ನೂಲು ತುಂಡಾದ ಕೂಡಲೇ ತಾನಾಗಿಯೇ ನಿಲ್ಲುತ್ತಿತ್ತು. ದೋಷ ಕಂಡೊಡನೆ ನಿಲ್ಲುವುದು ಎಂಬ ಆ ತತ್ವವೇ ಮುಂದೆ ಕಾರು ಜೋಡಣೆಯ ಸಾಲಿಗೆ ಬಂದಾಗ ಆಂಡಾನ್ ಹಗ್ಗವಾಯಿತು. ಅದರ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ: ಕಾರ್ಮಿಕ ಹಗ್ಗ ಎಳೆದ ಕೂಡಲೇ ಇಡೀ ಸಾಲು ನಿಲ್ಲುತ್ತದೆ ಎಂದು ಹೇಳುವವರೇ ಹೆಚ್ಚು. ನಿಜವಾಗಿ ಮೊದಲು ದೀಪ ಹೊತ್ತಿ ಸದ್ದು ಕೇಳಿಸುತ್ತದೆ, ಟೀಮ್ ಲೀಡರ್ ಅಲ್ಲಿಗೆ ಬರುತ್ತಾನೆ. ವಾಹನ ಆ ಕೆಲಸದ ಜಾಗದ ಕೊನೆಯ ಗುರುತನ್ನು ಮುಟ್ಟುವುದರೊಳಗೆ ತೊಂದರೆ ಬಗೆಹರಿದರೆ ಹಗ್ಗವನ್ನು ಮತ್ತೆ ಎಳೆಯುತ್ತಾರೆ, ಸಾಲು ನಿಲ್ಲುವುದೇ ಇಲ್ಲ. ಬಗೆಹರಿಯದಿದ್ದರೆ ಮಾತ್ರ ಆ ಗುರುತಿನಲ್ಲಿ ನಿಲ್ಲುತ್ತದೆ. ಇಲ್ಲಿ ಕಾರ್ಮಿಕನಿಂದ ಯಾರೂ ಧೈರ್ಯವನ್ನು ನಿರೀಕ್ಷಿಸುತ್ತಿಲ್ಲ. ಕರೆದರೆ ಒಬ್ಬರು ಬಂದೇ ಬರುತ್ತಾರೆ ಎಂಬ ಏರ್ಪಾಡು ಮೊದಲೇ ಇರುವುದರಿಂದ ಅವನು ಎಳೆಯುತ್ತಾನೆ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 1999ರ ಕೊನೆಯಲ್ಲಿ ಉತ್ಪಾದನೆ ಶುರುವಾದ ಮೇಲೆ ಬೆಂಗಳೂರು ಸುತ್ತಮುತ್ತಲಿನ ಅನೇಕ ಪೂರೈಕೆದಾರರು ಆಂಡಾನ್ ದೀಪಗಳನ್ನು ತಂದು ತೂಗುಹಾಕಿದರು. ಬರುವ ಟೀಮ್ ಲೀಡರನ್ನು ನೇಮಿಸಲು ಮಾತ್ರ ಹಲವರು ಮರೆತರು.

ಉತ್ತರ: ಮಲೆನಾಡಿನ ಸೆಕ್ಷನ್ ಆಫೀಸರ್

ನಾನು ವಿದ್ಯುತ್ ವಿತರಣಾ ಕಂಪನಿಯಲ್ಲಿರುವವನು. ಕಾರ್ಖಾನೆಯ ಅನುಭವ ನನಗಿಲ್ಲ. ಆದರೆ ಮೇಲಿನವರು ಗೆರೆ ಎಂದಿದ್ದನ್ನು ನಮ್ಮ ಕೆಲಸದಲ್ಲಿ ಜೀವದ ಬೆಲೆ ಕೊಟ್ಟು ಕಲಿಯಬೇಕಾಗುವುದರಿಂದ ಎರಡು ಮಾತು ಸೇರಿಸುತ್ತೇನೆ.

ಮಳೆಗಾಲದಲ್ಲಿ ಮರ ಬಿದ್ದು 11 ಕೆವಿ ಲೈನ್ ತುಂಡಾದಾಗ ಪವರ್‌ಮ್ಯಾನ್ ಕಂಬ ಹತ್ತುವ ಮೊದಲು ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಪಡೆಯಬೇಕು. ಉಪಕೇಂದ್ರದ ಆಪರೇಟರ್ ಫೀಡರ್ ಆಫ್ ಮಾಡಿ, ಪುಸ್ತಕದಲ್ಲಿ ಬರೆದು, ನಂಬರ್ ಕೊಡುತ್ತಾರೆ. ಸ್ಥಳದಲ್ಲಿ ಜಿಓಎಸ್, ಅಂದರೆ ಕಂಬದ ಮೇಲಿರುವ ಸ್ವಿಚ್ಚನ್ನು ತೆರೆದು, ಲೈನಿನಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡು, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಹಾಕಿದ ಮೇಲೆಯೇ ಕೈ ಹಾಕಬೇಕು. ಏಕೆಂದರೆ ಉಪಕೇಂದ್ರದಲ್ಲಿ ಆಫ್ ಆಗಿದ್ದರೂ ಯಾರದೋ ಮನೆಯ ಜನರೇಟರಿನಿಂದ ಲೈನಿಗೆ ವಿದ್ಯುತ್ ಹಿಮ್ಮುಖವಾಗಿ ಬರಬಹುದು. ಕೆಲಸ ಮುಗಿದ ನಂತರ ಎಲ್‌ಸಿ ತೆಗೆದುಕೊಂಡವರೇ ಅದನ್ನು ಹಿಂದಿರುಗಿಸಬೇಕು, ಬೇರೆ ಯಾರು ಹೇಳಿದರೂ ಚಾರ್ಜ್ ಮಾಡುವಂತಿಲ್ಲ. ಈ ಸರಣಿಯಲ್ಲಿ ಸ್ವಂತ ಬುದ್ಧಿಗೆ ಜಾಗವೇ ಇಲ್ಲ. ಇಪ್ಪತ್ತು ವರ್ಷ ಅನುಭವವಿರುವವನಾದರೂ ‘ನನಗೆ ಗೊತ್ತು ಬಿಡಿ’ ಎಂದು ಒಂದು ಹೆಜ್ಜೆ ಹಾರಿಸಿದರೆ ನಾನು ಅವನನ್ನು ಕಂಬದಿಂದ ಇಳಿಸುತ್ತೇನೆ.

ಅದೇ ರಾತ್ರಿ ಹತ್ತು ಕಡೆ ಮರ ಬಿದ್ದಿರುವಾಗ ಮೊದಲು ಎಲ್ಲಿಗೆ ಹೋಗಬೇಕು, ಯಾವ ತುಂಡನ್ನು ಬೇರ್ಪಡಿಸಿ ಉಳಿದ ಊರಿಗೆ ಬೆಳಕು ಕೊಡಬಹುದು, ಯಾವ ತೋಟದ ಯಜಮಾನರನ್ನು ಎಬ್ಬಿಸಿದರೆ ಗರಗಸ ಸಿಗುತ್ತದೆ ಎಂಬುದೆಲ್ಲ ಗ್ಯಾಂಗಿನವರ ಕೈಯಲ್ಲಿರುತ್ತದೆ. ಅದನ್ನು ನಾನು ಕಚೇರಿಯಲ್ಲಿ ಕುಳಿತು ಫೋನಿನಲ್ಲಿ ನಿರ್ದೇಶಿಸಲು ಹೊರಟರೆ ಬೆಳಗಾದರೂ ಊರು ಕತ್ತಲೆಯಲ್ಲಿರುತ್ತದೆ. ಅಧಿಕಾರ ಹಂಚುವುದೆಂದರೆ ಎಲ್ಲವನ್ನೂ ಬಿಟ್ಟುಕೊಡುವುದೆಂದು ಕೆಲವರು, ಎಲ್ಲದಕ್ಕೂ ಸಹಿ ಬೇಕೆಂದು ಇನ್ನು ಕೆಲವರು ತಿಳಿಯುತ್ತಾರೆ. ಯಾವ ತಪ್ಪನ್ನು ಮರುದಿನ ಸರಿಪಡಿಸಬಹುದು, ಯಾವುದನ್ನು ಸರಿಪಡಿಸಲಾಗದು ಎಂದು ನೋಡಿ ವಿಂಗಡಿಸುವುದು ನನಗೆ ತಿಳಿದ ಮಟ್ಟಿಗೆ ಹೆಚ್ಚು ಉಪಯುಕ್ತ. ನಿಮ್ಮ ಕೂಲಂಟ್ ಪಂಪಿನ ಪ್ರಸಂಗ ಮೊದಲನೆಯ ಗುಂಪಿಗೆ ಸೇರುತ್ತದೆ. ಆ ಯಂತ್ರದಲ್ಲಿ ಆ ಭಾಗ ಮಾಡಲು ಗ್ರಾಹಕರ ಒಪ್ಪಿಗೆ ಮೊದಲೇ ಇದ್ದರೆ ಅದಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ ಎಂದು ನನಗೂ ಅನ್ನಿಸುತ್ತದೆ.

ಉತ್ತರ: ಎಚ್‌ಆರ್‌ನಲ್ಲಿ ಕೆಲಸ ಮಾಡಿದವನು

ಎಲ್ಲರೂ ಫಾರಂನಲ್ಲಿ ಬರೆದ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಂಡಂತಿದೆ. ಇಷ್ಟು ಜನರಿಗೆ ಮಾತ್ರ ಉತ್ತಮ ರೇಟಿಂಗ್ ಎಂಬ ಮಿತಿ ಇರುವ ಕಡೆ, ಯಾರಿಗಾದರೂ ಅಂಕ ಇಳಿಸಲೇಬೇಕಾಗುತ್ತದೆ. ಉತ್ಪಾದನೆಯ ಅಂಕಿ, ರಿಜೆಕ್ಷನ್ ಅಂಕಿ, ಹಾಜರಾತಿ ಇವೆಲ್ಲ ಕಂಪ್ಯೂಟರಿನಲ್ಲಿರುವುದರಿಂದ ಅಲ್ಲಿ ಕೈಯಾಡಿಸಲು ಬರುವುದಿಲ್ಲ. ಉಳಿಯುವುದು ನಾಯಕತ್ವ, ಇನಿಶಿಯೇಟಿವ್, ಮನೋಭಾವ ಎಂಬ ಮೂರು ಕಾಲಂಗಳು. ಅಲ್ಲಿ ಬರೆದುದರಲ್ಲಿ ನಿಮ್ಮ ಸ್ವಭಾವದ ವರ್ಣನೆ ಎಷ್ಟಿದೆ, ಲೆಕ್ಕ ಸರಿದೂಗಿಸುವ ಪ್ರಯತ್ನ ಎಷ್ಟಿದೆ ಎಂಬುದನ್ನು ಮೊದಲು ಕೇಳಿ ತಿಳಿಯಿರಿ.

ಕೇಳುವ ರೀತಿ ಹೀಗಿರಲಿ: ‘ಯಾವ ಸಂದರ್ಭದಲ್ಲಿ ನಾನು ನಿರ್ಧಾರ ತೆಗೆದುಕೊಳ್ಳಬೇಕಿತ್ತು, ತೆಗೆದುಕೊಳ್ಳಲಿಲ್ಲ ಎಂದು ಒಂದೆರಡು ಉದಾಹರಣೆ ಹೇಳಿದರೆ ಮುಂದಿನ ಅವಧಿಗೆ ಗುರಿ ಬರೆದುಕೊಳ್ಳುತ್ತೇನೆ.’ ಉದಾಹರಣೆ ಕೊಟ್ಟರೆ ನಿಮಗೆ ಗೆರೆ ಸಿಕ್ಕಿತು. ಕೊಡಲಾಗದಿದ್ದರೆ ಆ ಷರಾ ಎಷ್ಟರದು ಎಂಬುದು ಇಬ್ಬರಿಗೂ ಗೊತ್ತಾಯಿತು. ಅಂದಹಾಗೆ, ತಡವಾಗಿ ಮನೆಗೆ ಹೋಗುವವನನ್ನೇ ನಾಯಕ ಎಂದು ತಿಳಿಯುವ ವ್ಯವಸ್ಥಾಪಕರೂ ಇದ್ದಾರೆ. ನಿಮ್ಮವರು ಆ ಜಾತಿಯವರಾದರೆ ರಿಯಾಕ್ಷನ್ ಪ್ಲಾನ್ ಎಷ್ಟು ಚೆನ್ನಾಗಿ ಬರೆದರೂ ಫಲವಿಲ್ಲ.

ಪ್ರಶ್ನೆ ಕೇಳಿದವರು: ಎರಡನೇ ಶಿಫ್ಟಿನವಳು

ಎಲ್ಲರಿಗೂ ಧನ್ಯವಾದಗಳು. ಕಂಟ್ರೋಲ್ ಪ್ಲಾನ್ ತೆಗೆದು ನೋಡಿದೆ; ಸರ್ ಹೇಳಿದಂತೆ ‘ಸೂಪರ್‌ವೈಸರ್‌ಗೆ ತಿಳಿಸಿ’ ಎಂಬ ಸಾಲೇ ಎಲ್ಲ ಕಡೆ ಇದೆ. ನಾನು ಕರಡು ತಯಾರಿಸಿದರೆ ನೋಡೋಣ ಎಂದು ಕ್ವಾಲಿಟಿಯವರು ಹೇಳಿದ್ದಾರೆ.

ಇದರ ಜೊತೆಗೆ ಇನ್ನೊಂದು ತೊಡಕು ನನ್ನ ಕೆಳಗಿನ ಕಡೆಯಿಂದ ಇದೆ. ಯಂತ್ರವನ್ನು ಕೆಲಸಕ್ಕೆ ಹೊಂದಿಸಿಕೊಡುವ ನಮ್ಮ ಸೆಟ್ಟರ್ ನನ್ನ ತಂದೆಯ ವಯಸ್ಸಿನವರು. ಯಂತ್ರದ ಸದ್ದು ಕೇಳಿಯೇ ಇನ್ಸರ್ಟ್ ಸವೆದಿದೆ ಎಂದು ಹೇಳಬಲ್ಲವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತೇನೆ, ಅವರು ನನ್ನನ್ನು ಮೇಡಂ ಎನ್ನುತ್ತಾರೆ. ಆದರೆ ನಾನು ಹೇಳಿದ್ದನ್ನು ಕೇಳಿಸಿಕೊಂಡು ತಮಗೆ ಸರಿಕಂಡದ್ದನ್ನು ಮಾಡುತ್ತಾರೆ. ಆಪರೇಟರ್‌ಗಳಲ್ಲಿ ಹೆಚ್ಚಿನವರು ಗುತ್ತಿಗೆಯ ಹುಡುಗರು. ಅಳತೆ ಜರುಗಿದರೆ ಯಾರಿಗೂ ಹೇಳದೆ ಯಂತ್ರದಲ್ಲಿ ಟೂಲಿನ ಸ್ಥಾನ ಹೊಂದಿಸುವ ಅಂಕಿ, ಅಂದರೆ ಆಫ್‌ಸೆಟ್ ತಿದ್ದಿ ಮುಂದುವರಿಯುತ್ತಾರೆ, ರೀಡಿಂಗ್ ಶೀಟಿನಲ್ಲಿ ಮಾತ್ರ ಎಲ್ಲವೂ ಮಧ್ಯದ ಅಂಕಿಯೇ. ನಾನು ಮೇಲಿನವರಿಂದ ಅಧಿಕಾರ ಪಡೆದರೂ ಇವರು ಸ್ವಂತವಾಗಿ ನನಗೆ ಬಂದು ಹೇಳುವಂತೆ ಮಾಡುವುದು ಹೇಗೆ?

ಉತ್ತರ: ಕೈಗಾರಿಕಾ ಸಮಾಜಶಾಸ್ತ್ರದ ವಿದ್ಯಾರ್ಥಿ

ನಿಮ್ಮ ಎರಡನೇ ಪ್ರಶ್ನೆಗೆ ಹತ್ತಿರವಾದ ಒಂದು ಪ್ರಯೋಗ ಭಾರತದಲ್ಲಿಯೇ ನಡೆದಿದೆ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಸಂಶೋಧಕ ಎ.ಕೆ. ರೈಸ್ ಬಂದರು. ಮಿಲ್ಲಿನಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರೂ ಉತ್ಪಾದನೆ ನಿರೀಕ್ಷೆಯಂತೆ ಏರಿರಲಿಲ್ಲ, ಬಟ್ಟೆಯ ದೋಷವೂ ಇಳಿದಿರಲಿಲ್ಲ. ನೇಯುವವನು, ಬಾಬಿನ್ ತುಂಬುವವನು, ನೂಲು ಕೂಡಿಸುವವನು, ಎಣ್ಣೆ ಹಾಕುವವನು, ಕಸ ಗುಡಿಸುವವನು ಎಂದು ಕೆಲಸವನ್ನು ಹತ್ತಾರು ತುಣುಕು ಮಾಡಿ, ಒಬ್ಬೊಬ್ಬನಿಗೆ ಬೇರೆ ಬೇರೆ ಸಂಖ್ಯೆಯ ಮಗ್ಗಗಳನ್ನು ಹಂಚಿದ್ದರು. ಒಬ್ಬ ನೇಕಾರನಿಗೆ ನೆರವಾಗುವವನು ಇನ್ನೂ ಹಲವು ನೇಕಾರರಿಗೆ ನೆರವಾಗಬೇಕಿತ್ತು. ಹೀಗಾಗಿ ಇದು ನಮ್ಮ ಮಗ್ಗ, ಇದು ನಮ್ಮ ಬಟ್ಟೆ ಎಂದು ಹೇಳುವ ಗುಂಪೇ ಇರಲಿಲ್ಲ.

ಒಂದು ಸಣ್ಣ ಗುಂಪಿಗೆ ಇಷ್ಟು ಮಗ್ಗಗಳ ಪೂರ್ತಿ ಹೊಣೆ ಕೊಟ್ಟರೆ ಹೇಗೆ ಎಂಬ ಸಲಹೆಯನ್ನು ರೈಸ್ ಮುಂದಿಟ್ಟಾಗ ಕೆಲಸಗಾರರೂ ಮೇಲ್ವಿಚಾರಕರೂ ಅದನ್ನು ತಮ್ಮದಾಗಿಸಿಕೊಂಡು, ಯಾರು ಯಾರ ಗುಂಪಿನಲ್ಲಿರಬೇಕು ಎಂಬುದನ್ನು ತಾವೇ ಗೊತ್ತುಮಾಡಿದರು. ಮೊದಲ ದಿನಗಳಲ್ಲಿ ಗೊಂದಲವಾಯಿತು. ನಂತರ ಉತ್ಪಾದನೆ ಏರಿತು, ದೋಷಯುಕ್ತ ಬಟ್ಟೆ ಕಡಿಮೆಯಾಯಿತು. ಸುಮಾರು ಎರಡು ದಶಕಗಳ ಬಳಿಕ ಮತ್ತೆ ಹೋಗಿ ನೋಡಿದಾಗ ಆ ಪದ್ಧತಿ ಒಂದು ಕಡೆ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು, ಬೇರೆ ಕಡೆಗಳಲ್ಲಿ ಹಳೆಯ ರೀತಿಗೆ ಜಾರಿತ್ತು ಎಂಬುದನ್ನೂ ಹೇಳಬೇಕು. ಗುಂಪಿಗೆ ಒಮ್ಮೆ ಹೊಣೆ ಕೊಟ್ಟರೆ ಅದು ತಾನಾಗಿಯೇ ಬಾಳುತ್ತದೆಂದು ತಿಳಿಯಬಾರದು. ಸುತ್ತಲಿನ ಒತ್ತಡದಿಂದ ಆ ಗುಂಪನ್ನು ಕಾಯುವವರು ಯಾರಾದರೂ ಇರಬೇಕಾಗುತ್ತದೆ, ನಿಮ್ಮ ಲೈನಿನಲ್ಲಿ ಆ ಯಾರಾದರೂ ನೀವೇ.

ಗುತ್ತಿಗೆಯ ಹುಡುಗರು ಮುಚ್ಚಿಡುವುದಕ್ಕೆ ಅವರ ದೃಷ್ಟಿಯಿಂದ ಸರಿಯಾದ ಕಾರಣವೇ ಇದೆ. ಹೇಳಿದರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಅವರ ಹೆಸರಿನ ಎದುರು ಉತ್ಪಾದನೆ ಕಡಿಮೆಯಾಗುತ್ತದೆ, ಕಡಿಮೆಯಾದರೆ ಗುತ್ತಿಗೆದಾರ ನಾಳೆಯಿಂದ ಬರಬೇಡ ಎನ್ನುತ್ತಾನೆ. ನೀವು ಎಷ್ಟು ಮೃದುವಾಗಿ ಮಾತನಾಡಿದರೂ ಈ ಲೆಕ್ಕ ಬದಲಾಗದೆ ಅವರು ಬದಲಾಗುವುದಿಲ್ಲ.

ಉತ್ತರ: ನಿವೃತ್ತ ಉತ್ಪಾದನಾ ವ್ಯವಸ್ಥಾಪಕ

ಆ ಲೆಕ್ಕವನ್ನು ಬದಲಿಸಲು ನಿಮ್ಮ ಕೈಯಲ್ಲಿರುವ ಒಂದು ಸಾಧನ ಶಿಫ್ಟ್ ರಿಪೋರ್ಟ್. ಆಪರೇಟರ್ ತಾನಾಗಿ ಬಂದು ಹೇಳಿದ್ದರಿಂದ ನಿಂತ ಹೊತ್ತನ್ನು ಅವನ ಖಾತೆಯಿಂದ ತೆಗೆದು, ‘ಗುಣಮಟ್ಟದ ಕಾರಣ, ಸೂಪರ್‌ವೈಸರ್ ನಿರ್ಧಾರ’ ಎಂದು ನಿಮ್ಮ ಸಹಿಯ ಕೆಳಗೆ ಬರೆಯಿರಿ. ನಿಮ್ಮ ಕರಡಿನಲ್ಲಿ ಇದಕ್ಕೂ ಒಂದು ಸಾಲು ಇರಲಿ. ಮೊದಲ ಸಲ ಯಾವನಾದರೂ ಬಂದು ಹೇಳಿದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ಅಂದು ನೀವು ಎರಡು ಗಂಟೆಯ ಉತ್ಪಾದನೆ ಕಳೆದುಕೊಂಡರೂ ಮುಖ ಗಂಟಿಕ್ಕುವಂತಿಲ್ಲ.

ಸೆಟ್ಟರ್ ಅಣ್ಣನವರ ವಿಷಯಕ್ಕೆ ಬಂದರೆ, ಅವರಿಗೆ ಅಪ್ಪಣೆ ಕೊಡಲು ಹೋಗಬೇಡಿ, ಅವರ ಜ್ಞಾನವನ್ನು ಅವರ ಹೆಸರಿನಲ್ಲಿಯೇ ಕಾಗದಕ್ಕೆ ತನ್ನಿ. “ಅಣ್ಣ, ಚಕ್ ಜಾ ಸವೆದರೆ ಅಳತೆ ಹೇಗೆ ಓಡುತ್ತದೆ, ಇನ್ಸರ್ಟ್ ಸವೆದರೆ ಹೇಗೆ ಓಡುತ್ತದೆ, ಈ ಹುಡುಗರಿಗೆ ತಿಳಿಯುವಂತೆ ಹೇಳಿ” ಎಂದು ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಕೇಳಿ. ಇನ್ಸರ್ಟ್ ಸವೆತದಲ್ಲಿ ಅಳತೆ ಮೆಲ್ಲಗೆ ಒಂದೇ ಕಡೆಗೆ ಹೋಗುತ್ತದೆ, ಹಿಡಿತ ಸಡಿಲವಾದಾಗ ಅತ್ತಿತ್ತ ಜಿಗಿಯುತ್ತದೆ ಎಂಬಷ್ಟು ಹುಡುಗರಿಗೆ ತಿಳಿದರೂ ಆಫ್‌ಸೆಟ್ ತಿದ್ದಿದರೆ ಯಾವುದು ಸರಿಹೋಗುತ್ತದೆ, ಯಾವುದು ಸರಿಹೋಗದು ಎಂಬುದು ಅವರಿಗೇ ಗೊತ್ತಾಗುತ್ತದೆ. ರಿಯಾಕ್ಷನ್ ಪ್ಲಾನಿನಲ್ಲಿ ಎಷ್ಟು ಆಫ್‌ಸೆಟ್‌ವರೆಗೆ ಆಪರೇಟರ್ ತಾನೇ ತಿದ್ದಬಹುದು, ಅದರ ಮೇಲಿನದಕ್ಕೆ ಸೆಟ್ಟರ್‌ನ ಒಪ್ಪಿಗೆ ಬೇಕು ಎಂಬ ಮಿತಿಯನ್ನು ಅವರೇ ಹೇಳಲಿ. ತಾವು ಹೇಳಿದ ಮಿತಿಯನ್ನು ತಾವೇ ಮೀರಲು ಅವರಿಗೆ ಸಂಕೋಚವಾಗುತ್ತದೆ.

ಇನ್ನೊಂದು ವಿಷಯ ಕೇಳಬೇಕಿತ್ತು. ಎರಡನೇ ಶಿಫ್ಟಿನಲ್ಲಿ ಟೂಲ್ ಸ್ಟೋರಿನ ಬೀಗದ ಕೈ ಯಾರ ಬಳಿ ಇರುತ್ತದೆ, ಮೇಂಟೆನೆನ್ಸ್‌ನವರು ಯಾರಾದರೂ ಕಾರ್ಖಾನೆಯಲ್ಲಿಯೇ ಇರುತ್ತಾರೆಯೇ ಅಥವಾ ಮನೆಯಿಂದ ಕರೆಸಬೇಕೇ? ಸಾಫ್ಟ್ ಜಾ ಮತ್ತು ಬದಲಿ ಇನ್ಸರ್ಟ್‌ಗಳು ಬೀಗದೊಳಗೆ ಇದ್ದು ಬೀಗದ ಕೈ ಜನರಲ್ ಶಿಫ್ಟಿನವರ ಜೇಬಿನಲ್ಲಿದ್ದರೆ, ಕರಡಿನ ಮೊದಲ ಸಾಲು ಅದರ ಬಗ್ಗೆಯೇ ಇರಬೇಕು. ಕರಡು ಸಿದ್ಧವಾದ ಮೇಲೆ ಭಾಗದ ಹೆಸರು, ಗ್ರಾಹಕರ ಹೆಸರು ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.